ಎಮ್ಮೆ ಇಲ್ಲದವಳ ಕೆನೆ

ಅಕ್ಕನ ಸಾವಿನ ಮನೆಯಿಂದ ನಶ್ಮಿಯಾ ಹಿಂದಿರುಗಿದಾಗ ಕೊಟ್ಟಿಗೆ ಖಾಲಿಯಾಗಿತ್ತು. ದೋಣಿಯಿಂದ ಇಳಿಯುವ ಮೊದಲೇ ಅವಳಿಗೆ ಅದು ತಿಳಿದುಹೋಯಿತು. ಅವಳು ಬರುವ ಸದ್ದಿಗೆ ನೀರಿನಿಂದ ಮೂತಿ ಎತ್ತಿ ಬುಸುಗುಟ್ಟುವ ಎಮ್ಮೆ ಒಂದೂ ಇರಲಿಲ್ಲ. ಜೊಂಡಿನ ಬೇಲಿ ಒಂದು ಕಡೆ ನೆಲಕ್ಕೊರಗಿತ್ತು. ಏರಿಯ ಕೆಸರಿನ ತುಂಬ ಗೊರಸಿನ ಗುರುತು, ಅದರ ಮೇಲೆ ಲಾರಿಯ ಗಾಲಿ ಹೋದ ಗುರುತು.

ಗಂಡ ಮುತಶ್ಶರ್ ಜೊಂಡಿನ ಮನೆಯ ಬಾಗಿಲಲ್ಲೇ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಮಾರ್ಬಿಟ್ಟೆ," ಅಂದ. "ಕರ್ಬಲಾ ಕಡೆಯವನು. ಎಲ್ಲಾನೂ ಒಟ್ಟಿಗೆ ತಗೊಂಡೋದ."

ನಶ್ಮಿಯಾ ತಲೆಯ ಮೇಲಿನ ಗಂಟನ್ನು ಇಳಿಸಿದಳು. "ಲಾರಿ ಹತ್ತಿಸೋ ಮುಂಚೆ ನೀರು ಕುಡಿಸಿದ್ರಾ?"

"ಕುಡಿಸ್ದೆ. ಟ್ಯಾಂಕರ್ ತರಿಸಿ ಸಿಹಿನೀರೇ ಕುಡಿಸ್ದೆ."

"ಹೂಂ," ಅಂದು ಅವಳು ಒಳಗೆ ಹೋದಳು.

ಮುತಶ್ಶರ್ ಅವಳ ಕೂಗಿಗೆ ಎದೆ ಗಟ್ಟಿ ಮಾಡಿಕೊಂಡು ಕಾದಿದ್ದವನು. ಅವಳು ಎದೆ ಬಡಿದುಕೊಳ್ಳಬಹುದು, ತಲೆಗೆ ಮಣ್ಣು ಹುಯ್ದುಕೊಳ್ಳಬಹುದು, ನಾಲ್ಕು ದಿಕ್ಕಿಗೂ ಕೇಳುವ ಹಾಗೆ ಅವನ ತಾತ ಮುತ್ತಾತಂದಿರನ್ನು ಬೈಯಬಹುದು ಎಂದುಕೊಂಡಿದ್ದ. ಜೌಗು ನಾಡಿನ ಹೆಂಗಸರಿಗೆ ಅಂಥ ದನಿಯಿತ್ತು. ಒಳಗಿನಿಂದ ಕೇಳಿಸಿದ್ದು ಪಾತ್ರೆಯ ಸದ್ದು ಮಾತ್ರ. ಅವಳು ಕೆನೆ ಕಟ್ಟಿಸುವ ಅಗಲದ ತಟ್ಟೆಗಳನ್ನು ಬೂದಿ ಹಾಕಿ ಉಜ್ಜಿ, ತೊಳೆದು, ಒಂದರ ಮೇಲೊಂದು ಬೋರಲು ಹಾಕುತ್ತಿದ್ದಳು.

ಅವನು ಕೆಟ್ಟವನಲ್ಲ. ನೀರು ವರ್ಷದಿಂದ ವರ್ಷಕ್ಕೆ ಹಿಂದೆ ಸರಿದಿತ್ತು, ಉಳಿದ ನೀರು ಉಪ್ಪಾಗಿತ್ತು. ಎಳೆಗರುಗಳು ಕಣ್ಣು ಕುರುಡಾಗಿ ತಾಯಿಯ ಕೆಚ್ಚಲು ಹುಡುಕಲಾರದೆ ಸತ್ತಿದ್ದವು. ಹಾಲಿಗೆ ಬದಲಾಗಿ ಮೇವು ಕೊಡುತ್ತಿದ್ದ ಹಾಜಿ ಮಿಖ್ಲಿಫ್, ಹಾಲು ಕಡಿಮೆಯಾಯಿತೆಂದು ಮೇವು ನಿಲ್ಲಿಸಿದ್ದ. ಇನ್ನು ಒಂದು ತಿಂಗಳು ಬಿಟ್ಟಿದ್ದರೆ ಚರ್ಮ ಮಾತ್ರ ಮಾರಬೇಕಾಗುತ್ತಿತ್ತು. ಹೆಂಡತಿ ಇಲ್ಲದಾಗ ಮಾರಿದ್ದಕ್ಕೂ ಕಾರಣವಿತ್ತು. ಅವು ಅವಳ ದನಿಗೆ ಬಗ್ಗುವ ಪ್ರಾಣಿಗಳು. ಅವಳು ಅಲ್ಲಿ ನಿಂತಿದ್ದರೆ ಲಾರಿ ಹತ್ತುತ್ತಿರಲಿಲ್ಲ. ಅವಳು ನಿಂತಿದ್ದರೆ ಅವನ ಕೈಯೂ ಓಡುತ್ತಿರಲಿಲ್ಲ. ಲಾರಿ ಕಣ್ಮರೆಯಾದ ಮೇಲೆ ಅವನು ಮುರಿದ ಬೇಲಿಯ ಹತ್ತಿರ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದನ್ನು ನೀರಿನ ನಡುವಿನ ಪಕ್ಕದ ದಿಬ್ಬದವರು ನೋಡಿದ್ದರು.

ಆಮೇಲೆ ಅವರು ಜೌಗು ಬಿಟ್ಟು ಚಿಬಾಯಿಶ್ ಊರಂಚಿನ ಮನೆಯೊಂದಕ್ಕೆ ಬಂದರು. ಮುತಶ್ಶರನ ಅಣ್ಣ ಕಟ್ಟಿ ಅರ್ಧಕ್ಕೆ ಬಿಟ್ಟಿದ್ದ ಸಿಮೆಂಟ್ ಇಟ್ಟಿಗೆಯ ಮನೆ ಅದು. ಗಂಡ, ಹೆಂಡತಿ, ಮಗಳು ರಬಾಬ್, ಅತ್ತೆ ತಿಸ್ವಾಹಿನ್. ಮನೆಗೆ ನಲ್ಲಿ ಬಂತು, ಫ್ಯಾನು ಬಂತು. ರಬಾಬ್ ಶಾಲೆಗೆ ನಡೆದೇ ಹೋಗತೊಡಗಿದಳು. ಮುತಶ್ಶರ್ ಬೆಳಗಾದರೆ ಚಹಾದಂಗಡಿಯ ಬೆಂಚಿಗೆ ಹೋಗಿ, ತನ್ನ ಹಾಗೆಯೇ ಎಮ್ಮೆ ಮಾರಿ ಬಂದವರ ಜೊತೆ ಕೂತು, ಆ ಎಮ್ಮೆಗಳ ಬಗ್ಗೆಯೇ ಮಾತಾಡಿ ಬರುತ್ತಿದ್ದ. ನಶ್ಮಿಯಾ ಹಾಲು ಕರೆಯುವ ಹೊತ್ತಿಗೆ ತಾನಾಗಿ ಎದ್ದು ಗೋಡೆಗೊರಗಿ ಕೂರುತ್ತಿದ್ದಳು. ಅಡುಗೆ ಮಾಡು ಎಂದರೆ ಮಾಡುತ್ತಿದ್ದಳು. ಉಣ್ಣು ಎಂದರೆ ಉಣ್ಣುತ್ತಿದ್ದಳು. ಅಕ್ಕ ಸತ್ತದ್ದಕ್ಕೂ ಅಳಲಿಲ್ಲ, ಎಮ್ಮೆಗೂ ಅಳಲಿಲ್ಲ. ತೊಡೆ ಮಡಿಚಿ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಒಳಗೆಲ್ಲ ಹಾಗಾಗಿತ್ತು. ನೋವೂ ಇಲ್ಲ, ತನ್ನದೆಂಬ ಗುರುತೂ ಇಲ್ಲ.

ಅವಳ ಆ ಮೌನಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಕಟ್ಟಿದರು. ಮುತಶ್ಶರ್ ಕ್ಷಮಿಸಿದ್ದಾಳೆ ಎಂದುಕೊಂಡ. ಮಸೀದಿಯ ಹೆಂಗಸರು, ದೇವರು ಕೊಟ್ಟ ತಾಳ್ಮೆ ಅಂದರು. ಅತ್ತೆ ಮಾತ್ರ ಒಪ್ಪಲಿಲ್ಲ. "ಒಂದು ಹನಿ ನೀರು ಬಂತಾ ಇವಳ ಕಣ್ಣಲ್ಲಿ? ಎದೆ ಅಲ್ಲ ಅದು, ಒರಳುಕಲ್ಲು," ಎಂದು ಬಂದವರೆದುರಿಗೆಲ್ಲ ಹೇಳುತ್ತಿದ್ದಳು.

ಅದೇ ಬೀದಿಯಲ್ಲಿ ಚಸ್ಬಿಯಾ ಎಂಬ ವಿಧವೆಯಿದ್ದಳು. ಮಣ್ಣಿನ ಒಲೆಯಲ್ಲಿ ರೊಟ್ಟಿ ಬಡಿದು ಸಂತೆಯಲ್ಲಿ ಮಾರುವವಳು. ಬಾಯಿ ಬೆಂಕಿ. ಒಂದು ದಿನ ಹಿಟ್ಟಿನ ಕೈಯಲ್ಲೇ ನಶ್ಮಿಯಾಳ ಅಂಗಳಕ್ಕೆ ಬಂದಳು. ಊರವರ ರೂಢಿಯಂತೆ ಅವಳನ್ನು ರಬಾಬಳ ತಾಯಿ, ಉಮ್ ರಬಾಬ್ ಎಂದೇ ಕರೆದಳು.

"ಉಮ್ ರಬಾಬ್, ನಿಮ್ಮನೆ ಗೋಡೆ ಬೀಳುತ್ತೇನೇ? ದಿನಾ ಬೆನ್ನು ಕೊಟ್ಟು ಕೂತಿರ್ತೀಯಲ್ಲ!"

ನಶ್ಮಿಯಾ ಅವಳ ಮುಖ ನೋಡಿದಳು.

"ನನ್ನ ರೊಟ್ಟಿ ತಗೊಳ್ಳೋರು, ಕೆನೆ ಎಲ್ಲಿ ಅಂತ ಕೇಳ್ತಾರೆ. ಕೆನೆ ಇಲ್ಲದ ರೊಟ್ಟಿ ಗಂಡಿಲ್ಲದ ನಿಖಾ ಇದ್ದ ಹಾಗೆ ಅಂತಾರೆ. ಮೀನಿಗೆ ಐಸ್ ಹಾಕ್ತಿದ್ರಲ್ಲ, ಆ ಅಂಗಡಿ ಖಾಲಿ ಬಿದ್ದಿದೆ. ನಾವು ಮೂರು ಜನ ಸೇರಿ ಬಾಡಿಗೆಗೆ ಹಿಡಿದಿದೀವಿ. ಆಳದ ನೀರಿನ ಕಡೆ ಇನ್ನೂ ಎಮ್ಮೆ ಇಟ್ಟುಕೊಂಡೋರಿದ್ದಾರೆ, ಅವರ ಹಾಲು ತಗೊಳ್ಳೋಣ. ನಮಗೆ ಕೆನೆ ಕಟ್ಟಿಸೋಕೆ ಬರಲ್ಲ. ನೀನು ಬಾ."

"ನನಗೆ ಎಮ್ಮೆ ಇಲ್ಲ," ಅಂದಳು ನಶ್ಮಿಯಾ.

"ನಾನು ಗೋಧಿ ಬೆಳೀತೀನೇನೇ? ರೊಟ್ಟಿ ಸುಡಲ್ವಾ?"

 ಬೇಡ ಎನ್ನಲೂ ಒಳಗೆ ಏನಾದರೂ ಬೇಕಲ್ಲ, ನಶ್ಮಿಯಾಳಿಗೆ ಅದೂ ಇರಲಿಲ್ಲ. ತಟ್ಟೆಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಕಪ್ಪು ಅಬಾಯಾ ಹೊದ್ದು, ಅವಳ ಹಿಂದೆ ಹೋದಳು.

ಕೈಗೆ ಎಲ್ಲ ನೆನಪಿತ್ತು. ಸಣ್ಣ ಉರಿಯ ಮೇಲೆ ಹಾಲು ಇಡುವುದು, ಉಕ್ಕದ ಹಾಗೆ ಕಾಯುವುದು, ಎತ್ತರದಿಂದ ಸೌಟಿನಲ್ಲಿ ಸುರಿದು ನೊರೆ ಎಬ್ಬಿಸುವುದು, ಆಮೇಲೆ ಅಲುಗಾಡಿಸದೆ ತಣ್ಣಗಾಗಲು ಬಿಡುವುದು. ಬೆಳಗ್ಗೆ ತಟ್ಟೆಯ ಅಂಚಿಗೆ ಚಾಕು ಓಡಿಸಿದರೆ ಕೆನೆ ದಪ್ಪ ಕಂಬಳಿಯಂತೆ ಎದ್ದುಬರುತ್ತಿತ್ತು. ಅದನ್ನು ಮಡಿಚಿ, ಕತ್ತರಿಸಿ, ಬಟ್ಟಲಿಗೆ ಹಾಕಿದರೆ ಚಸ್ಬಿಯಾ ಬಿಸಿ ರೊಟ್ಟಿ ಮತ್ತು ಖರ್ಜೂರದ ಪಾಕದ ಜೊತೆ ಮಾರುತ್ತಿದ್ದಳು. ಮೊದಲ ದಿನ ಒಬ್ಬ ಮುದುಕ ಅಂಗಡಿಯೆದುರೇ ನಿಂತು ತಿಂದು, ಕಣ್ಣು ಮುಚ್ಚಿ, "ಇದು ಮುತಶ್ಶರನ ಮನೆ ಕೆನೆ ಅಲ್ವೇನಮ್ಮ?" ಅಂದ.

"ಮುತಶ್ಶರ್ ಎಂದಾದ್ರೂ ಒಲೆ ಮುಂದೆ ಕೂತಿದ್ನಾ ಅಜ್ಜ? ನಶ್ಮಿಯಾ ಕೆನೆ ಅನ್ನು," ಎಂದಳು ಚಸ್ಬಿಯಾ.

ಒಳಗೆ ಬಂದು, "ಕೇಳಿಸ್ತಾ?" ಎಂದು ಕೇಳಿದಳು. "ಕೇಳಿಸ್ತು," ಅಂದಳು ನಶ್ಮಿಯಾ. ಕೇಳಿಸಿದ್ದಂತೂ ನಿಜ.

ಕೆಲವೇ ತಿಂಗಳಲ್ಲಿ ಕೆನೆ ಬಸ್ಸು ಹತ್ತಿ ನಾಸಿರಿಯಾ ಪಟ್ಟಣದ ಹೋಟೆಲುಗಳಿಗೆ ಹೋಗತೊಡಗಿತು. ನಾಲ್ವರಿದ್ದ ಹೆಂಗಸರು ಹತ್ತು ಹನ್ನೆರಡು ಮಂದಿಯಾದರು. ಹಾಲು ತಂದವರಿಗೆ ಅವರು ಅಂದಂದೇ ನಗದು ಕೊಡುತ್ತಿದ್ದರು. ಹಾಜಿ ಮಿಖ್ಲಿಫ್ ಎಂದೂ ನಗದು ಕೊಟ್ಟವನಲ್ಲ. ಮೇವು ಕೊಟ್ಟು ಹಾಲು ಒಯ್ಯುತ್ತಿದ್ದ, ಎರಡಕ್ಕೂ ಬೆಲೆ ಕಟ್ಟುವವನು ಅವನೇ. ಎಮ್ಮೆಯವರು ಒಬ್ಬೊಬ್ಬರಾಗಿ ಹೆಂಗಸರ ಅಂಗಡಿಗೆ ತಿರುಗಿಕೊಂಡಾಗ ಅವನು ಜಗಳವಾಡಲಿಲ್ಲ. ಮೇವಿನ ಉಗ್ರಾಣಕ್ಕೆ ಬೀಗ ಹಾಕಿದ, ಹಾಲು ಸಾಗಿಸುವ ದೋಣಿಗಳಿಗೆ ತನ್ನ ಕಡೆಯಿಂದ ಬೇರೆ ಕೆಲಸ ಹಚ್ಚಿದ. ಒಂದು ಬೆಳಗ್ಗೆ ಒಲೆ ಉರಿಯುತ್ತಲೇ ಇತ್ತು, ಹಾಲು ಬರಲಿಲ್ಲ. ಮರುದಿನವೂ ಬರಲಿಲ್ಲ.

ಹೆಂಗಸರು ಅಂಗಡಿಯಲ್ಲಿ ಸೇರಿ ಅತ್ತರು, ಮಿಖ್ಲಿಫನ ವಂಶಕ್ಕೆ ಶಾಪ ಹಾಕಿದರು. ಹಿರಿಯರನ್ನು ಕಳಿಸೋಣವೆಂದಳು ಒಬ್ಬಳು. ಅವನ ಮನೆಗೇ ಹೋಗಿ ಕಾಲು ಹಿಡಿಯೋಣವೆಂದಳು ಇನ್ನೊಬ್ಬಳು. ನಶ್ಮಿಯಾ ಒಲೆ ಆರಿಸಿ, ಯಾರದೋ ಸಣ್ಣ ದೋಣಿ ಕೇಳಿಕೊಂಡು, ತಾನೇ ಜಲ್ಲೆಕೋಲಿನಿಂದ ನೀರಿನ ತಳ ಒತ್ತುತ್ತ ಆಳದ ನೀರಿನ ಕಡೆ ಹೋದಳು. ಧೈರ್ಯ ಎಂದು ಆಮೇಲೆ ಜನ ಹೇಳಿದರು. ಹೆದರಿಕೆ ಎಲ್ಲಿರಬೇಕಿತ್ತೋ ಅಲ್ಲಿ ಅವಳಿಗೆ ಏನೂ ಇರಲಿಲ್ಲ, ಅಷ್ಟೆ.

ಗಂಡಸರು ಕೂತ ಜೊಂಡಿನ ಚಾವಡಿಯನ್ನು ದಾಟಿ ಅವಳು ವಬ್ರಿಯಾ ಎಂಬವಳ ಗುಡಿಸಲಿಗೆ ಹೋದಳು. ಆ ದಿಬ್ಬಗಳಲ್ಲಿ ಹೆಚ್ಚು ಎಮ್ಮೆಗಳಿದ್ದದ್ದು ವಬ್ರಿಯಾಳ ಮನೆಗೆ. ಸುತ್ತಲಿನ ಹೆಂಗಸರು ಸಗಣಿಯ ಕೈ ತೊಳೆದುಕೊಂಡು ಬಂದು ಕೂತರು.

"ಉಮ್ ರಬಾಬ್, ನಿನ್ನ ಮುಖ ನೋಡಿದ್ರೆ ನಾಚಿಕೆ ಆಗುತ್ತೆ ಕಣೆ," ಅಂದಳು ವಬ್ರಿಯಾ. "ನಾವೇನು ಮಾಡೋಣ? ಮೇವಿನ ಬೀಗ ಅವನ ಕೈಲಿ. ನಮ್ಮ ಯಜಮಾನ್ರು, ಹಾಜಿನ ಎದುರು ಹಾಕ್ಕೋಬೇಡ ಅಂತಾರೆ."

"ನಾನು ಬೇಡೋಕೆ ಬಂದಿಲ್ಲ, ವಬ್ರಿಯಾ. ಒಂದು ವಿಷಯ ಹೇಳಿ ಹೋಗ್ತೀನಿ. ನಮಗೂ ಅವನು ಮೇವು ನಿಲ್ಸಿದ್ದ. ನಮ್ಮನೆ ಎಮ್ಮೆ ಕರೀತಿದ್ದೋಳು ನಾನು, ಸಾಕಿದ್ದೋಳು ನಾನು. ಮಾರುವಾಗ ನಾನು ಮನೇಲೇ ಇರ್ಲಿಲ್ಲ. ಬಂದು ನೋಡ್ದೆ, ಖಾಲಿ." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಈಗ ನಮ್ಮ ಬೀದಿ ಕೊನೇಲಿ ಎರಡು ಮನೆ ಖಾಲಿ ಇವೆ. ನಿಮ್ಮಲ್ಲಿ ಯಾರಾದ್ರೂ ಬರೋದಾದ್ರೆ ಮುಂಚೆನೇ ಹೇಳಿ ಕಳ್ಸಿ. ಬಾಡಿಗೆ ಮಾತಾಡಿ ಇಟ್ಟಿರ್ತೀನಿ."

ಅವಳು ಹೆದರಿಸಲೆಂದು ಹೇಳಿದ್ದಲ್ಲ. ನಿಜವಾಗಿಯೂ ಬಾಡಿಗೆ ಮಾತಾಡಿಡುವ ಮನಸ್ಸಿನಿಂದಲೇ ಹೇಳಿದ್ದಳು. ಅದಕ್ಕೇ ಅವರು ಹೆದರಿದರು.  ಹೊರಗೆ ಎಮ್ಮೆಯೊಂದು ನೀರಿನಿಂದೆದ್ದು ಮೈ ಕೊಡವಿದ್ದು ಕೇಳಿಸಿತು.

ಕೊನೆಗೆ ವಬ್ರಿಯಾ, "ಮೇವು ನೀವು ಕೊಡ್ತೀರಾ?" ಎಂದು ಕೇಳಿದಳು.

"ತರಿಸ್ತೀವಿ."

"ದೋಣಿ?"

"ಅದೂ ಆಗುತ್ತೆ."

ಮೇವಿಗೆ ಅಂಗಡಿಯ ಹೆಂಗಸರು ಕಿವಿಯದು, ಕೈಯದು ಬಿಚ್ಚಿದರು. ನಶ್ಮಿಯಾ ಮದುವೆಯ ಕಡಗ ಕಳಚಿ ಚಸ್ಬಿಯಾಳ ಹಿಟ್ಟಿನ ತಟ್ಟೆಯಲ್ಲಿಟ್ಟಳು. ಅದು ಇದ್ದಲ್ಲಿ ಮಣಿಕಟ್ಟಿನ ಸುತ್ತ ಬೆಳ್ಳನೆಯ ಪಟ್ಟಿಯೊಂದು ಉಳಿಯಿತು. ಅದನ್ನು ನೋಡಿ ಬೇಸರವಾಗಬಹುದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಆಗಲಿಲ್ಲ.

ದೋಣಿಗಾಗಿ ಅವಳು ಮನೆಗೆ ಹೋದಳು. ಮುತಶ್ಶರ್ ಊಟಕ್ಕೆ ಕೂತಿದ್ದ. ಅನ್ನದ ಮೇಲೆ ಸುಟ್ಟ ಮೀನು, ಪಕ್ಕದಲ್ಲಿ ಅತ್ತೆ.

"ನಿಮ್ಮ ದೋಣಿ ದಂಡೇಲಿ ಸುಮ್ನೆ ಬಿದ್ದಿದೆ. ಮೋಟಾರು ಓಡುತ್ತಾ?"

"ಓಡುತ್ತೆ. ಯಾಕೆ?"

"ದಿನಾ ಬೆಳಕು ಹರಿಯೋಕೆ ಮುಂಚೆ ಹಾಲು ತರಬೇಕು. ಡೀಸೆಲ್ ಅಂಗಡೀದು. ಬೇರೆ ದೋಣಿಯವರಿಗೆ ಕೊಡೋ ಕೂಲೀನೇ ನಿಮಗೂ."

ತಿಸ್ವಾಹಿನ್‌ಳ ಕೈಯ ತುತ್ತು ಕೈಯಲ್ಲೇ ನಿಂತಿತು. "ಏನಂದೆ? ಹೆಂಡ್ತಿ ಕೈಲಿ ಗಂಡ ಕೂಲಿ ತಗೋಬೇಕಾ? ಅಯ್ಯೋ ಇಮಾಮ್ ಹುಸೇನ್, ಇದನ್ನ ಕೇಳೋಕೆ ನನ್ನ ಕಿವಿ ಇನ್ನೂ ಉಳಿಸಿದೀಯಾ! ಇವನ ಅಪ್ಪ ಇದ್ದಿದ್ರೆ…"

"ಮಾವ ಇದ್ದಿದ್ರೆ ಅವರ ದೋಣಿನೂ ಕೇಳ್ತಿದ್ದೆ ಅತ್ತೆ. ಎರಡು ಬೇಕಾಗಿದ್ವು."

ಮುದುಕಿ ತುತ್ತನ್ನು ತಟ್ಟೆಗೆ ಹಾಕಿದಳು. ಮೂಲೆಯಲ್ಲಿ ಓದುತ್ತಿದ್ದ ರಬಾಬ್ ಪುಸ್ತಕದಿಂದ ಮುಖ ಮುಚ್ಚಿಕೊಂಡಳು, ನಗುವಿಗೆ ಭುಜ ಅಲುಗುತ್ತಿತ್ತು. ಮುತಶ್ಶರ್ ಮೀನಿನ ಮುಳ್ಳು ಬಿಡಿಸುತ್ತ ಕೂತ. ಬಿಡಿಸಿ ಬಿಡಿಸಿ ಮೀನು ಪುಡಿಯಾಯಿತು.  ಮರುದಿನ ಬೆಳಕು ಹರಿಯುವ ಮೊದಲು ನಶ್ಮಿಯಾ ದಂಡೆಗೆ ಹೋದಾಗ ಅವನು ದೋಣಿಯ ನೀರು ಮೊಗೆದು ಹಾಕಿ, ಮೋಟಾರಿಗೆ ಎಣ್ಣೆ ಹಚ್ಚುತ್ತಿದ್ದ.

ಹೀಗೆ ಹಾಲು ಮತ್ತೆ ಬಂತು. ಹಾಜಿ ಮಿಖ್ಲಿಫ್ ಕೆಲವು ವಾರ ಕಾದ. ಬೀಗ ಹಾಕಿದ ಮೇವು ಹುಳು ಹಿಡಿಯತೊಡಗಿದಾಗ ಆಳು ಕಳಿಸಿ, ನೀವೇ ಕೊಳ್ಳುತ್ತೀರಾ ಎಂದು ಕೇಳಿಸಿದ. "ಹುಳುಗಳಿಗೆ ಬೇರೆ ದುಡ್ಡು ಕೊಡಲ್ಲ ಅಂತ ಹೇಳು ಹಾಜಿಗೆ," ಎಂದು ಚಸ್ಬಿಯಾ ಆಳನ್ನು ಓಡಿಸಿದಳು.

ದಿನವೂ ಹಾಲಿನ ಅಳತೆ ನೋಡಲು ನಶ್ಮಿಯಾ ಜೊತೆಗೆ ಬಂದು ದೋಣಿಯ ಮುಂಭಾಗದಲ್ಲಿ ಕೂರುತ್ತಿದ್ದಳು, ಗಂಡ ಹಿಂದೆ ಮೋಟಾರಿನ ಬಳಿ. ಎಮ್ಮೆಗಳಿದ್ದ ದಿನಗಳಲ್ಲಿ ಅವರು ಇಷ್ಟು ಹೊತ್ತು ಒಟ್ಟಿಗೆ ಕೂತದ್ದೇ ಇಲ್ಲ. ಚಳಿಗಾಲದ ಒಂದು ಬೆಳಗ್ಗೆ ಹಾಲು ತುಂಬಿಕೊಂಡು ಬರುವಾಗ ಅವನು ಕಾಲುವೆಯ ನಡುವೆ ಮೋಟಾರು ನಿಲ್ಲಿಸಿದ. ಜೊಂಡಿನ ಮೇಲೆ ಮಂಜು ಕೂತಿತ್ತು.

"ಕೆಟ್ಟುಹೋಯ್ತಾ?" ಅಂದಳು.

"ಇಲ್ಲ. ಉಮ್ ರಬಾಬ್, ಒಂದ್ಸಲ ಬೈಯಿ ನನ್ನ."

ಅವಳು ತಿರುಗಿ ನೋಡಿದಳು.

"ಇಲ್ಲಿ ಯಾರೂ ಇಲ್ಲ. ಎಷ್ಟು ಬೇಕಾದ್ರೂ ಬೈಯಿ. ಕ್ಯಾನು ತಗೊಂಡು ಹೊಡಿ. ಅವತ್ತಿಂದ ಒಂದು ಮಾತು ಆಡಿಲ್ಲ ನೀನು. ಕ್ಷಮಿಸಿದೀಯ ಅಂತ ನಾನೂ ಸುಮ್ನಿದ್ದೆ. ಈಗ ಅನ್ಸುತ್ತೆ, ಕ್ಷಮೆ ಅಲ್ಲ ಇದು. ಏನು ಅಂತ ನಂಗೆ ಗೊತ್ತಿಲ್ಲ. ಹೆದರ್ಕೆ ಆಗುತ್ತೆ ಕಣೇ."

ನಶ್ಮಿಯಾ ನಿಜವಾಗಿಯೂ ಹುಡುಕಿದಳು. ಆ ದಿನದ ಬೇಲಿಯನ್ನು ನೆನೆದಳು, ಕೆಸರನ್ನು ನೆನೆದಳು, ಒಂದೊಂದು ಎಮ್ಮೆಯನ್ನೂ ಹೆಸರು ಹಿಡಿದು ಮನಸ್ಸಿನಲ್ಲೇ ಕರೆದಳು. ಹೆಸರುಗಳು ಬಂದವು. ಅವುಗಳ ಹಿಂದೆ ಏನೂ ಬರಲಿಲ್ಲ. ಗಂಡ ಬಾಯಿ ಬಿಟ್ಟು ಕೇಳುತ್ತಿದ್ದಾನೆ, ಕೊಡಲು ತನ್ನ ಬಳಿ ಇಲ್ಲ.

"ಸಿಕ್ಕಿದ್ರೆ ಬೈತೀನಿ," ಅಂದಳು. "ಈಗ ಹೊರಡಿ. ಹಾಲು ಒಡೆದುಹೋಗುತ್ತೆ."

ಅವನು ಮೋಟಾರಿನ ಹಗ್ಗ ಎಳೆದ.

ಎರಡು ವರ್ಷ ಕಳೆಯಿತು. ಹೆಂಗಸರ ಆ ಹಳೆಯ ಐಸ್ ಅಂಗಡಿಗೆ ಹಾಲು ತಂಪು ಮಾಡುವ ಯಂತ್ರ ಬಂತು. ಹೊರದೇಶದ ಸಂಸ್ಥೆಯೊಂದು ಅರ್ಧ ಕೊಟ್ಟಿತು, ಉಳಿದರ್ಧ ಹೆಂಗಸರೇ ಹಾಕಿದರು. ಊರಿನ ರಸ್ತೆಯಲ್ಲಿ ಹೊಸ ಅಂಗಡಿಗಳು ತೆರೆದವು. ಮುಚ್ಚಿದ್ದ ತಗಡಿನ ಕೆಲಸದವನ ಅಂಗಡಿ ಬಟ್ಟಲು ಮಾಡಿಕೊಡಲು ಮತ್ತೆ ತೆರೆಯಿತು. ನಾಸಿರಿಯಾಕ್ಕೆ ಬೆಳಗಿನ ಬಸ್ಸು ಒಂದಿದ್ದದ್ದು ಎರಡಾಯಿತು. ದಿಬ್ಬಗಳಿಂದ ಕರ್ಬಲಾಕ್ಕೆ ಹೊರಟಿದ್ದ ಎರಡು ಮನೆಯವರು ಕಟ್ಟಿದ ಗಂಟು ಬಿಚ್ಚಿದರು. ರಬಾಬ್ ನಾಸಿರಿಯಾದ ಕಾಲೇಜು ಸೇರಿದಳು. ಚಹಾದಂಗಡಿಯ ಬೆಂಚಿನವರು ಕೆಲವರು ಅಂಗಡಿಯ ಮೇವು ಇಳಿಸುವ ಕೆಲಸಕ್ಕೆ ಬಂದರು. ತಿಸ್ವಾಹಿನ್ ಈಗ ಬಂದವರೆದುರಿಗೆ, "ನನ್ನ ಸೊಸೆ ಗಟ್ಟಿ ಎದೆಯವಳು," ಎನ್ನುತ್ತಿದ್ದಳು. ಮಾತು ಅದೇ, ದನಿ ಬೇರೆ.

ಯಂತ್ರ ಕೊಟ್ಟವರು ಒಂದು ದಿನ ನೋಡಲು ಬಂದರು. ಬಾಗ್ದಾದಿನಿಂದ ಅಧಿಕಾರಿಗಳು, ಕ್ಯಾಮೆರಾ ಹಿಡಿದವರು. ಬಂದವರಲ್ಲಿ ಒಬ್ಬ ಹೆಂಗಸು, ಸಭ್ಯಳು, ನಶ್ಮಿಯಾಳ ಕೈ ಹಿಡಿದು ಕೇಳಿದಳು: "ಉಮ್ ರಬಾಬ್, ಈ ಕೆಲಸ ಬಂದ ಮೇಲೆ ನಿಮ್ಮ ಬದುಕು ಹೇಗೆ ಬದಲಾಯ್ತು? ನಿಮಗೆ ಏನನ್ನಿಸುತ್ತೆ?"

ಎಲ್ಲರೂ ಅವಳ ಬಾಯನ್ನೇ ನೋಡಿದರು. ಅವಳು ಯೋಚಿಸಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

"ಮಗಳು ಕಾಲೇಜಿಗೆ ಹೋಗ್ತಾಳೆ. ಮನೆಗೆ ಗಟ್ಟಿ ಮಾಡು ಹಾಕಿಸಿದೀವಿ. ಅನ್ನಿಸೋದು… ಏನೂ ಅನ್ನಿಸಲ್ಲಮ್ಮ."

ಕ್ಯಾಮೆರಾದವನು ಕ್ಯಾಮೆರಾ ತುಸು ತಗ್ಗಿಸಿದ. ಚಸ್ಬಿಯಾ ನಡುವೆ ನುಗ್ಗಿದಳು. "ಅವಳ್ನ ಕೇಳಬೇಡಿ, ನನ್ನ ಕೇಳಿ! ನನಗೆ ಇಬ್ಬರಿಗೆ ಆಗೋಷ್ಟು ಅನ್ನಿಸುತ್ತೆ!" ಅಂದಳು. ಎಲ್ಲರೂ ನಕ್ಕರು, ಚಹಾ ಬಂತು. ಹೊರಡುವಾಗ ಆ ಹೆಂಗಸು ನಶ್ಮಿಯಾಳ ಕೈಯನ್ನು ಮತ್ತೊಮ್ಮೆ ಹಿಡಿದು ಒತ್ತಿ ಹೋದಳು.

ಆ ವಸಂತದಲ್ಲಿ ಮುತಶ್ಶರ್ ದೋಣಿಯಲ್ಲಿ ಮತ್ತೆ ಮಾತು ತೆಗೆದ. ಈ ಸಲ ಮೋಟಾರು ನಿಲ್ಲಿಸಲಿಲ್ಲ, ಸದ್ದಿನ ಮೇಲೆಯೇ ಕೂಗಿ ಹೇಳಿದ.

"ಕೈಲಿ ಒಂದಿಷ್ಟು ಕೂಡಿದೆ. ಇಬ್ಬರದೂ ಸೇರಿಸಿದ್ರೆ ಎರಡು ಎಮ್ಮೆ ಬರುತ್ತೆ. ವಬ್ರಿಯಾ ಮನೆಯವರು ಗಬ್ಬದ ಕಡಸು ಕೊಡ್ತಾರಂತೆ. ನೀನೇ ಆರ್ಸು. ನಿನ್ನ ಹೆಸರಲ್ಲೇ ಇರ್ಲಿ."

ಅವನು ಇದನ್ನು ಎಷ್ಟು ದಿನದಿಂದ ಒಳಗೇ ಕಟ್ಟಿಕೊಂಡಿದ್ದನೋ. ಅವನ ಮುಖ ಹಬ್ಬದ ದಿನ ಹೊಸ ಬಟ್ಟೆ ಬಿಚ್ಚಿ ತೋರಿಸುವವನ ಹಾಗಿತ್ತು.

"ಬೇಡ," ಅಂದಳು ನಶ್ಮಿಯಾ.

"ಯಾಕೆ?"

"ಮನೆ ಊರಂಚಲ್ಲಿದೆ, ನೀರು ಎಲ್ಲಿದೆ? ಸಾಕೋರು ಸಾಕ್ತಿದಾರೆ, ಅವರು ಚೆನ್ನಾಗಿದಾರೆ. ಆ ದುಡ್ಡಲ್ಲಿ ಇನ್ನೊಂದು ದೋಣಿ ತಗೊಳ್ಳಿ. ಹಾಲು ಹೆಚ್ಚಾಗ್ತಿದೆ, ಒಂದು ಸಾಲ್ತಿಲ್ಲ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅವನಿಗೂ ಅದು ಗೊತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ದೋಣಿ ಅಡ್ಡಾದಿಡ್ಡಿ ಸಾಗುತ್ತಿದೆಯೆಂದು ಅವಳು ತಿರುಗಿ ನೋಡಿದಳು. ಮುತಶ್ಶರ್ ಒಂದು ಕೈಯಲ್ಲಿ ಮೋಟಾರಿನ ಹಿಡಿ ಹಿಡಿದು, ಇನ್ನೊಂದರಲ್ಲಿ ತಲೆವಸ್ತ್ರದ ಚುಂಗು ಕಣ್ಣಿಗೊತ್ತಿಕೊಂಡು ಅಳುತ್ತಿದ್ದ. ಅವಳು ನೋಡುತ್ತ ಕೂತಳು. ಹೇಳಬೇಕಾದ ಮಾತು ಏನಾದರೂ ಇದ್ದೇ ಇರುತ್ತದೆ, ಬೇರೆ ಹೆಂಡತಿಯರಿಗೆ ಅದು ಗೊತ್ತಿರುತ್ತದೆ ಎಂದುಕೊಂಡಳು. ಆಮೇಲೆ ಹಿಂದಕ್ಕೆ ಸರಿದು, ಅವನ ಪಕ್ಕದ ಹಲಗೆಯ ಮೇಲೆ ಕೂತು, ಹಿಡಿಯನ್ನು ತನ್ನ ಕೈಗೆ ತೆಗೆದುಕೊಂಡಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ದೋಣಿ ನೆಟ್ಟಗಾಯಿತು.

ದಿಬ್ಬದ ಹತ್ತಿರ ಬಂದಾಗ ವಬ್ರಿಯಾ ನೀರಿನಂಚಿನಲ್ಲಿ ಕ್ಯಾನು ಹಿಡಿದು ನಿಂತಿದ್ದಳು.

"ಏನು ಅಬು ರಬಾಬ್, ಕಣ್ಣು ಕೆಂಡ ಆಗಿದೆ? ಹೆಂಡ್ತಿ ಹೊಡೆದಳಾ?"

"ಜೊಂಡು ಸುಡ್ತಿದ್ರು ಆಚೆ ಕಾಲುವೇಲಿ," ಅಂದಳು ನಶ್ಮಿಯಾ. "ಹೊಗೆ."

ಮುತಶ್ಶರ್ ತಲೆಯೆತ್ತಿ ಅವಳನ್ನು ನೋಡಿದ. ಆಚೆ ಕಾಲುವೆಯಲ್ಲಿ ಯಾರೂ ಏನೂ ಸುಡುತ್ತಿರಲಿಲ್ಲ. ವಬ್ರಿಯಾ ಕ್ಯಾನು ಎತ್ತಿ ಕೊಟ್ಟಳು. ಆಗತಾನೆ ಕರೆದ ಹಾಲು, ತಗಡಿನ ಮೈ ಇನ್ನೂ ಬೆಚ್ಚಗಿತ್ತು. ನಶ್ಮಿಯಾ ಅದನ್ನು ಚೆಲ್ಲದಂತೆ ಮೊಣಕಾಲುಗಳ ನಡುವೆ ಇಟ್ಟುಕೊಂಡು, ಇನ್ನೊಂದಕ್ಕೆ ಕೈ ಚಾಚಿದಳು.